ಐರ್ಲೆಂಡಿನ ಲೇಖಕಿಯರು ನಿನ್ನೆ ಮೊನ್ನೆ ಬಂದವರೇ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 41 ವರ್ಷ. ದಾವಣಗೆರೆ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳು ದೊಡ್ಡವರಾದರು, ಈಗಲಾದರೂ ಪಿಎಚ್‌.ಡಿ. ಮಾಡೋಣ ಅಂತ ಹೊರಟಿದ್ದೇನೆ. ಬೇಸಿಗೆ ರಜೆಯಲ್ಲಿ ಕ್ಲೇರ್ ಕೀಗನ್ ಅವರ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್' ಓದಿದೆ. ಒಂದೇ ರಾತ್ರಿಗೆ ಮುಗಿಯಿತು, ಆದರೆ ತಲೆಯಿಂದ ಹೋಗಲಿಲ್ಲ. ಆಮೇಲೆ ಸ್ಯಾಲಿ ರೂನಿ, ಆನಾ ಬರ್ನ್ಸ್ ಓದಿದೆ. 'ಇಂದಿನ ಐರಿಶ್ ಲೇಖಕಿಯರು ಮತ್ತು ಲಿಂಗ ರಾಜಕಾರಣ' ಅಂತ ಸಿನಾಪ್ಸಿಸ್ ಬರೆದು ಗೈಡ್‌ಗೆ ಕೊಟ್ಟೆ. ಅವರು ನೋಡಿ, 'ಇದೆಲ್ಲ ಈ ಹತ್ತು ವರ್ಷದ ಫ್ಯಾಷನ್ ಕಣಮ್ಮ. ಐರಿಶ್ ಅಂದರೆ ಜಾಯ್ಸ್, ಯೇಟ್ಸ್, ಬೆಕೆಟ್. ಅವರಲ್ಲಿ ಒಬ್ಬರನ್ನು ಹಿಡಿ' ಎಂದರು. ಸಹೋದ್ಯೋಗಿಯೊಬ್ಬರು 'ಕೀಗನ್ ಪುಸ್ತಕದ ಹೀರೋ ಗಂಡಸು, ಅದು ಹೇಗೆ ಮಹಿಳಾ ಸಾಹಿತ್ಯ?' ಅಂತ ನಕ್ಕರು. ಈಗ ನನಗೇ ಅನುಮಾನ. ಲೇಖಕಿಯರನ್ನು ಬೇರೆ ಸಾಲಿನಲ್ಲಿ ಕೂರಿಸುವುದೇ ಅವರಿಗೆ ಮಾಡುವ ಅವಮಾನ ಅಲ್ವಾ? ಈ ವಿಷಯ ಹಿಡಿಯಲಾ, ಬಿಡಲಾ?

ಉತ್ತರ: ವಿಷಯ ಬಿಡಬೇಡಿ. ಸಿನಾಪ್ಸಿಸ್ ಮಾತ್ರ ಹೊಸದಾಗಿ ಬರೆಯಿರಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಅಳುಕು ಒಂದಕ್ಕೊಂದು ತೊಡರಿಕೊಂಡಿವೆ. ಇದು ಈಚಿನ ಫ್ಯಾಷನ್ ಇರಬಹುದಾ ಎಂಬುದು ಒಂದು. ಗಂಡಸಿನ ಕಥೆ ಹೇಳಿದರೆ ಅದು ಹೆಣ್ಣಿನ ಬರಹ ಹೇಗಾಗುತ್ತದೆ ಎಂಬುದು ಇನ್ನೊಂದು. ಬೇರೆ ಸಾಲು ಹಾಕುವುದು ಸರಿಯಾ ಎಂಬುದು ಮೂರನೆಯದು. ಒಂದೊಂದಾಗಿ ಬಿಡಿಸೋಣ.

ನಿಮ್ಮ ಗೈಡ್ ಮೇಲೆ ನನಗೇನೂ ಸಿಟ್ಟಿಲ್ಲ. ನಾನೂ ಹಾಗೇ ಇದ್ದವಳು. ಎಂ.ಎ. ತರಗತಿಗೆ ಐರಿಶ್ ಸಾಹಿತ್ಯದ ಪತ್ರಿಕೆ ಪಾಠ ಮಾಡಲು ಶುರು ಮಾಡಿದಾಗ ಯಾರೋ ಒಂದು ಪೋಸ್ಟರ್ ತಂದುಕೊಟ್ಟಿದ್ದರು. ಐರ್ಲೆಂಡಿನ ಪಬ್ಬುಗಳಲ್ಲಿ, ಪ್ರವಾಸಿಗರ ಅಂಗಡಿಗಳಲ್ಲಿ ನೇತಾಡುವ ಹೆಸರಾದ ಪೋಸ್ಟರ್ ಅದು. 'ಐರಿಶ್ ಲೇಖಕರು' ಅಂತ ತಲೆಬರಹ, ಕೆಳಗೆ ಹನ್ನೆರಡು ಮುಖ. ಜಾಯ್ಸ್, ಯೇಟ್ಸ್, ಬೆಕೆಟ್, ವೈಲ್ಡ್, ಶಾ, ಸ್ವಿಫ್ಟ್, ಹೀಗೆ. ವಿಭಾಗದ ಗೋಡೆಗೆ ಅದನ್ನು ಅಂಟಿಸಿದ್ದೂ ನಾನೇ. ನಾಲ್ಕೈದು ವರ್ಷ ಅದರ ಕೆಳಗೇ ನಿಂತು ಪಾಠ ಮಾಡಿದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಮೇಡಂ, ಆ ದೇಶದಲ್ಲಿ ಹೆಂಗಸರು ಬರೀತಾನೇ ಇರಲಿಲ್ವಾ?' ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕಿಂತ ನಾಚಿಕೆಯ ವಿಷಯ ಏನೆಂದರೆ, ಪ್ರಶ್ನೆಯೂ ಅಷ್ಟು ದಿನ ನನಗೆ ಹೊಳೆದಿರಲಿಲ್ಲ.

ಬರೆಯುತ್ತಿದ್ದರು. ಚೆನ್ನಾಗಿಯೇ ಬರೆಯುತ್ತಿದ್ದರು.

1941ರಲ್ಲಿ ಕೇಟ್ ಓ'ಬ್ರಿಯನ್ 'ದಿ ಲ್ಯಾಂಡ್ ಆಫ್ ಸ್ಪೈಸಸ್' ಬರೆದರು. ಒಂದು ಕಾನ್ವೆಂಟಿನ ಮುಖ್ಯಸ್ಥೆಯ ಕಥೆ. ತುಂಬ ಸಂಯಮದ ಕಾದಂಬರಿ, ಧರ್ಮದ ಮೇಲೆ ಗೌರವ ಇಟ್ಟುಕೊಂಡೇ ಬರೆದದ್ದು. ಈಕೆ ಯಾಕೆ ಸನ್ಯಾಸಿನಿಯಾದಳು ಎಂಬ ಗುಟ್ಟು ಒಂದು ಕಡೆ ಒಂದೇ ಒಂದು ವಾಕ್ಯದಲ್ಲಿ ಬರುತ್ತದೆ. ಹರೆಯದಲ್ಲಿ ಆಕೆ ತನ್ನ ತಂದೆಯನ್ನು ಎಟಿಯೆನ್ ಎಂಬ ಯುವಕನ ಪ್ರೀತಿಯ ಅಪ್ಪುಗೆಯಲ್ಲಿ ಕಂಡಿರುತ್ತಾಳೆ. ಅಷ್ಟೇ. ವಿವರ ಇಲ್ಲ, ವರ್ಣನೆ ಇಲ್ಲ. ಆ ಒಂದು ವಾಕ್ಯಕ್ಕೆ ಸೆನ್ಸಾರ್ ಮಂಡಳಿ ಇಡೀ ಪುಸ್ತಕವನ್ನು ನಿಷೇಧಿಸಿತು. 1929ರ ಕಾನೂನು ಅದಕ್ಕೆ ಅಧಿಕಾರ ಕೊಟ್ಟಿತ್ತು. 1960ರಲ್ಲಿ ಎಡ್ನಾ ಓ'ಬ್ರಿಯನ್ ಅವರ 'ದಿ ಕಂಟ್ರಿ ಗರ್ಲ್ಸ್' ಕೂಡ ಅದೇ ಮಂಡಳಿಗೆ ಸಿಕ್ಕಿತು. ಹಳ್ಳಿಯ ಇಬ್ಬರು ಹುಡುಗಿಯರು ಡಬ್ಲಿನ್‌ಗೆ ಹೋಗಿ ಪ್ರೀತಿ, ಮೋಸ ಎಲ್ಲ ನೋಡುವ ಕಥೆ. ಅದೇ ಮಹಾಪರಾಧ ಅನ್ನಿಸಿತು. ನಿಷೇಧ ಗಂಡಸರ ಪುಸ್ತಕಗಳಿಗೂ ಇತ್ತು, ಸುಳ್ಳು ಹೇಳಬಾರದು. ಆದರೆ ನಿಷೇಧವಾದ ಗಂಡಸರು ಆಮೇಲೆ ವೀರರಾಗಿ ಪೋಸ್ಟರ್ ಹತ್ತಿದರು. ಹೆಂಗಸರು ಹತ್ತಲಿಲ್ಲ.

ಪೋಸ್ಟರ್ ಬಿಡಿ, ಅದು ಅಂಗಡಿ ಸಾಮಾನು. ವಿದ್ವಾಂಸರೇನು ಮಾಡಿದರು ನೋಡಿ. 1991ರಲ್ಲಿ ಫೀಲ್ಡ್ ಡೇ ಸಂಸ್ಥೆ ಐರಿಶ್ ಬರವಣಿಗೆಯ ಮಹಾಸಂಕಲನವನ್ನು ಮೂರು ದಪ್ಪ ಸಂಪುಟಗಳಲ್ಲಿ ತಂದಿತು. ಸಾವಿರಾರು ಪುಟ, ಸಾವಿರದೈನೂರು ವರ್ಷದ ಬರಹ. ಸಂಪಾದಕರೆಲ್ಲ ಗಂಡಸರು. ಒಳಗೆ ಹೆಂಗಸರು ಅಲ್ಲೊಬ್ಬರು ಇಲ್ಲೊಬ್ಬರು. ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ಹೆಂಗಸರೇ ಸೇರಿ ಸಂಪಾದಿಸಿದ ನಾಲ್ಕನೇ, ಐದನೇ ಸಂಪುಟಗಳು 2002ರಲ್ಲಿ ಬಂದವು. ಎರಡೂ ಸೇರಿ ಮೂರು ಸಾವಿರ ಪುಟಕ್ಕೂ ಜಾಸ್ತಿ! ಮೊದಲ ಮೂರು ಸಂಪುಟ ಮಾಡುವಾಗ ಈ ಮೂರು ಸಾವಿರ ಪುಟ ಎಲ್ಲಿತ್ತು? ನಿಮ್ಮ ಗೈಡ್‌ಗೆ ಕೇಳಬೇಕಾದದ್ದು ಇಷ್ಟೇ.

ಈ ಮರೆವು ಎಷ್ಟು ಸಹಜವಾಗಿ ನಡೆಯುತ್ತದೆ ಅಂತ ನಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ಕುವೆಂಪು ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು, ಮೈಸೂರಿಗೆ ಬಂದಿದ್ದ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು. ಈ ಕಥೆ ನಮ್ಮಲ್ಲಿ ಹೈಸ್ಕೂಲು ಮಕ್ಕಳಿಗೂ ಗೊತ್ತು. ಆ ಕಸಿನ್ಸ್ ಅವರ ಹೆಂಡತಿ ಯಾರು? ಮಾರ್ಗರೆಟ್ ಕಸಿನ್ಸ್. 1908ರಲ್ಲಿ ಐರಿಶ್ ಹೆಂಗಸರಿಗೆ ಮತದ ಹಕ್ಕು ಕೇಳುವ ಸಂಘ ಕಟ್ಟಿದವರಲ್ಲಿ ಒಬ್ಬರು. 1917ರಲ್ಲಿ ಮದ್ರಾಸಿನಲ್ಲಿ ಭಾರತೀಯ ಮಹಿಳಾ ಸಂಘ ಕಟ್ಟುವಾಗಲೂ ಇದ್ದರು. ಹೋರಾಟಕ್ಕಾಗಿ ಲಂಡನ್ನಿನಲ್ಲಿ, ಐರ್ಲೆಂಡಿನಲ್ಲಿ, ನಮ್ಮ ಪಕ್ಕದ ವೆಲ್ಲೂರಿನಲ್ಲಿ ಜೈಲು ಕಂಡವರು. ಕುವೆಂಪು ಕಥೆ ಹೇಳುವಾಗ ನಾನೂ ಎಷ್ಟೋ ವರ್ಷ ಬರೀ ಗಂಡನ ಹೆಸರನ್ನೇ ಹೇಳಿದ್ದೇನೆ. ಯಾರ ದುರುದ್ದೇಶವೂ ಇಲ್ಲ. ಸುಮ್ನೆ ಬಿಟ್ಟುಹೋಗುತ್ತದೆ.

ಹಾಗಾದರೆ ಫ್ಯಾಷನ್ ಅನ್ನೋ ಮಾತು ಪೂರ್ತಿ ಸುಳ್ಳಾ? ಇಲ್ಲ. ಅರ್ಧ ನಿಜ ಇದೆ. ರೂನಿ ಅವರ ಪುಸ್ತಕಗಳು ಲಕ್ಷಗಟ್ಟಲೆ ಮಾರಿದ ಮೇಲೆ ಲಂಡನ್ನಿನ ಪ್ರಕಾಶಕರಿಗೆ ಎಲ್ಲ ಐರಿಶ್ ಹುಡುಗಿಯರೂ 'ಮುಂದಿನ ರೂನಿ'ಯಾಗಿ ಕಾಣಿಸತೊಡಗಿದರು. ಅದು ಮಾರುಕಟ್ಟೆಯ ಬುದ್ಧಿ. ಆದರೆ ಬಾಗಿಲು ತೆರೆದದ್ದು ಆ ದೊಡ್ಡ ಪ್ರಕಾಶಕರಲ್ಲ. ಈಮರ್ ಮೆಕ್‌ಬ್ರೈಡ್ ತಮ್ಮ ಮೊದಲ ಕಾದಂಬರಿಯನ್ನು ಆರು ತಿಂಗಳಲ್ಲಿ ಬರೆದರು. ಅದನ್ನು ಯಾರಾದರೂ ಅಚ್ಚು ಹಾಕಲಿ ಅಂತ ಕಾದದ್ದು ಒಂಬತ್ತು ವರ್ಷ. ಕೊನೆಗೆ 2013ರಲ್ಲಿ ಒಂದು ಪುಟ್ಟ ಪ್ರಕಾಶನ ಹಾಕಿತು, ಮರುವರ್ಷ ಅದಕ್ಕೆ ಬ್ರಿಟನ್ನಿನ ದೊಡ್ಡ ಮಹಿಳಾ ಕಾದಂಬರಿ ಪ್ರಶಸ್ತಿ ಬಂತು. ಡಬ್ಲಿನ್‌ನಲ್ಲಿ ಇಬ್ಬರು ಹೆಂಗಸರು 2014ರಲ್ಲಿ ಟ್ರ್ಯಾಂಪ್ ಪ್ರೆಸ್ ಶುರು ಮಾಡಿದರು. ಅವರಿಗೆ ಬರುತ್ತಿದ್ದ ಹಸ್ತಪ್ರತಿಗಳ ಜೊತೆಗಿನ ಪತ್ರಗಳಲ್ಲಿ 'ಮಾನ್ಯ ಸರ್‌ಗಳೇ' ಅಂತ ಇರುತ್ತಿತ್ತಂತೆ! ಇನ್ನು ಮುಂದೆ ಅಂಥದ್ದನ್ನು ಓದುವುದಿಲ್ಲ ಅಂತ ಅವರು ಪ್ರಕಟಣೆಯನ್ನೇ ಕೊಡಬೇಕಾಯಿತು.

ರಂಗಭೂಮಿಯ ಕಥೆಯೂ ಹೀಗೇ. ಡಬ್ಲಿನ್ನಿನ ಆಬಿ ಥಿಯೇಟರ್ ಐರ್ಲೆಂಡಿನ ರಾಷ್ಟ್ರೀಯ ರಂಗಮಂದಿರ. ಯೇಟ್ಸ್ ಜೊತೆ ಅದನ್ನು ಕಟ್ಟಿದವರು ಲೇಡಿ ಗ್ರೆಗರಿ, ಹೆಂಗಸು. ಬ್ರಿಟಿಷರ ವಿರುದ್ಧದ 1916ರ ಬಂಡಾಯಕ್ಕೆ ನೂರು ವರ್ಷ ತುಂಬುವ ನೆನಪಿಗೆ ಆ ರಂಗಮಂದಿರ 2015ರಲ್ಲಿ ಮುಂದಿನ ವರ್ಷದ ನಾಟಕಗಳ ಪಟ್ಟಿ ಪ್ರಕಟಿಸಿತು. ಹತ್ತು ನಾಟಕ. ಹೆಣ್ಣು ಬರೆದದ್ದು ಒಂದು. ರಂಗಭೂಮಿಯ ಹೆಂಗಸರು ಸಿಡಿದೆದ್ದು ನವೆಂಬರಿನಲ್ಲಿ ಅದೇ ಆಬಿಯೊಳಗೆ ತುಂಬಿದ ಸಭೆ ನಡೆಸಿದರು. ಇದೆಲ್ಲ ನಿಮ್ಮ ಗೈಡ್ ಹೇಳುವ ಆ 'ಹತ್ತು ವರ್ಷ'ದ ಆಸುಪಾಸಿನಲ್ಲೇ ನಡೆದದ್ದು. ಇಂಥ ಜಗಳಗಳು ಬೇಕಾದವು ಎಂದರೆ ಅದನ್ನು ಫ್ಯಾಷನ್ ಅನ್ನುವುದು ಹೇಗೆ?

ಈಗ ಕಾರಣಕ್ಕೆ ಬರೋಣ. ಈ ಬರಹಗಳಲ್ಲಿ ಮೈ, ಬಸಿರು, ಮೌನ ಇಷ್ಟೊಂದು ಯಾಕೆ? ಅಲ್ಲಿನ ಕಾನೂನು ಹೆಣ್ಣಿನ ಮೈಯೊಳಗೇ ಬಂದು ಕೂತಿತ್ತು, ಅದಕ್ಕೆ. 1937ರ ಸಂವಿಧಾನದಲ್ಲಿ ಹೆಣ್ಣು ಮನೆಯೊಳಗಿನ ಬಾಳಿನಿಂದ ದೇಶಕ್ಕೆ ಆಸರೆಯಾಗುತ್ತಾಳೆ ಎಂಬ ಮಾತಿದೆ. ಅದನ್ನು ಬದಲಿಸಲು 2024ರ ಮಾರ್ಚ್ 8ರಂದು ಮತದಾನ ನಡೆದು ಸೋತಿತು. ಬದಲಿ ಪದಗಳೇ ಬಹಳ ಜನಕ್ಕೆ ಹಿಡಿಸಲಿಲ್ಲ ಎಂಬುದೂ ಒಂದು ಕಾರಣ. ಹಾಗಾಗಿ ಆ ಸಾಲು ಇನ್ನೂ ಅಲ್ಲೇ ಇದೆ. ಸರ್ಕಾರಿ ನೌಕರಿಯಲ್ಲಿದ್ದ ಹೆಣ್ಣು ಮದುವೆಯಾದರೆ ಕೆಲಸ ಬಿಡಲೇಬೇಕು ಎಂಬ ನಿಯಮ 1973ರವರೆಗೂ ಇತ್ತು. 1983ರಲ್ಲಿ ಎಂಟನೇ ತಿದ್ದುಪಡಿ ಬಂತು. ತಾಯಿಯ ಜೀವಕ್ಕೂ ಹುಟ್ಟದ ಜೀವಕ್ಕೂ ಸಮನಾದ ಹಕ್ಕು ಅಂತ. ಅಂದರೆ ಗರ್ಭಪಾತಕ್ಕೆ ಬಾಗಿಲು ಮುಚ್ಚಿದ ಹಾಗೆ.

ಅದಾಗಿ ನಾಲ್ಕೇ ತಿಂಗಳು. 1984ರ ಜನವರಿಯ ಕೊನೆಯ ದಿನ, ಗ್ರಾನಾರ್ಡ್ ಎಂಬ ಸಣ್ಣ ಊರಲ್ಲಿ 15 ವರ್ಷದ ಶಾಲಾಹುಡುಗಿಯೊಬ್ಬಳು ಮೇರಿಮಾತೆಯ ಗುಹೆಯ ಹತ್ತಿರ, ಚಳಿಯಲ್ಲಿ, ಒಬ್ಬಳೇ ಹೆತ್ತಳು. ಮಗುವೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ಪೌಲಾ ಮೀಹನ್ ಇದರ ಮೇಲೆ ಒಂದು ಕವಿತೆ ಬರೆದರು. ಅದರಲ್ಲಿ ಮಾತಾಡುವುದು ಆ ಮೇರಿಯ ವಿಗ್ರಹ. ಹುಡುಗಿ ಕೂಗಿದಳು, ನಾನು ಅಲುಗಲಿಲ್ಲ ಅಂತ ಕಲ್ಲೇ ಒಪ್ಪಿಕೊಳ್ಳುತ್ತದೆ. ಎಷ್ಟು ಸಲ ತರಗತಿಯಲ್ಲಿ ಓದಿದ್ದೇನೋ. ಆ ಸಾಲಿಗೆ ಬಂದಾಗ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಐರಿಶ್ ಕಾವ್ಯದಲ್ಲಿ ದೇಶವನ್ನು ಹೆಣ್ಣಾಗಿ, ತಾಯಿಯಾಗಿ ಕಾಣುವ ಹಳೇ ಚಾಳಿ ಇದೆ, ನಮ್ಮ ಭುವನೇಶ್ವರಿಯ ಹಾಗೆ. ಹೆಣ್ಣು ಬರೀ ಪ್ರತಿಮೆಯಾಗಿ ಕವಿತೆಯೊಳಗಿದ್ದಳು, ಬರೆಯುವವಳಾಗಿ ಹೊರಗೆ ಬರಲು ಹೆಣಗಬೇಕಾಯಿತು ಎಂದು ಕವಯಿತ್ರಿ ಈವನ್ ಬೋಲಂಡ್ ಜೀವನವಿಡೀ ವಾದಿಸಿದರು. ಮೀಹನ್ ಆ ಪ್ರತಿಮೆಗೇ ಬಾಯಿ ಕೊಟ್ಟು ತಪ್ಪೊಪ್ಪಿಗೆ ಹೇಳಿಸಿದರು. ನಿಮ್ಮ ಸಿನಾಪ್ಸಿಸ್‌ನಲ್ಲಿ ಈ ಕವಿತೆ ಇಲ್ಲದಿದ್ದರೆ ಸೇರಿಸಿ.

2012ರ ಅಕ್ಟೋಬರ್ 28 ನಿಮಗೂ ನೆನಪಿರಬೇಕು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. 31 ವರ್ಷ. ಗರ್ಭ ನಿಲ್ಲುವುದಿಲ್ಲ ಅಂತ ಗೊತ್ತಾಗಿತ್ತು, ತೆಗೆಯಿರಿ ಎಂದು ಕೇಳಿದ್ದರು. ಭ್ರೂಣದ ಎದೆಬಡಿತ ಇದೆ ಅಂತ ತೆಗೆಯಲಿಲ್ಲ. ನಂಜೇರಿತು. ಐರಿಶ್ ಬರಹದ ಬಗ್ಗೆ ಬರೆಯುವ ಕನ್ನಡತಿ ಈ ಹೆಸರನ್ನು ದಾಟಿ ಹೋಗುವ ಹಾಗಿಲ್ಲ. 2018ರ ಮೇ 25ರಂದು 66.4 ಶೇಕಡಾ ಜನ ಎಂಟನೇ ತಿದ್ದುಪಡಿ ತೆಗೆಯಿರಿ ಎಂದು ಮತ ಹಾಕಿದರು. ಡಬ್ಲಿನ್‌ನ ಒಂದು ಗೋಡೆಯ ಮೇಲೆ ಸವಿತಾ ಅವರ ಮುಖ ಬರೆದಿದ್ದರು. ಮತ ಹಾಕಿ ಬಂದವರು ಅದರ ಸುತ್ತ ಚೀಟಿ ಅಂಟಿಸಿ ಹೋದರು. ಬಹಳಷ್ಟರಲ್ಲಿ ಇದ್ದದ್ದು ಕ್ಷಮೆ. ಈ ವರ್ಷಗಳಲ್ಲಿ ಬಂದ ಲೇಖಕಿಯರ ಪ್ರಬಂಧಗಳಲ್ಲಿ ಮೈಯ ಬಗ್ಗೆ ಮುಚ್ಚುಮರೆ ಇಲ್ಲದ ಮಾತು ಜಾಸ್ತಿಯಾದದ್ದು ಆಕಸ್ಮಿಕವಲ್ಲ.

ಇನ್ನು ನಕ್ಕ ಸಹೋದ್ಯೋಗಿಗೆ ಉತ್ತರ. ಕೀಗನ್ ಅವರ ಬಿಲ್ ಫರ್ಲಾಂಗ್ ಕಲ್ಲಿದ್ದಲು ವ್ಯಾಪಾರಿ, ಹೌದು, ಗಂಡಸು. 1985ರ ಕ್ರಿಸ್‌ಮಸ್, ನ್ಯೂ ರಾಸ್ ಪಟ್ಟಣ. ಕಾನ್ವೆಂಟಿಗೆ ಲೋಡ್ ಹಾಕಲು ಹೋದಾಗ ಇದ್ದಲಿನ ಕೋಣೆಯಲ್ಲಿ ಒಬ್ಬ ಹುಡುಗಿ ಕೂಡಿಹಾಕಿಸಿಕೊಂಡಿರುವುದನ್ನು ನೋಡುತ್ತಾನೆ. ಮದರ್ ಸುಪೀರಿಯರ್ ಅವನನ್ನು ಒಳಗೆ ಕರೆದು, ಟೀ ಕೊಟ್ಟು, ಅವನ ಹೆಣ್ಣುಮಕ್ಕಳ ಓದಿನ ಬಗ್ಗೆ ವಿಚಾರಿಸಿ, ಕೊನೆಗೆ ಕ್ರಿಸ್‌ಮಸ್ ಖರ್ಚಿಗೆ ಅಂತ ಒಂದು ಲಕೋಟೆ ಕೈಗಿಡುತ್ತಾಳೆ. ಆ ಟೀ ಮತ್ತು ಲಕೋಟೆಯ ಪುಟಗಳನ್ನು ಇನ್ನೊಮ್ಮೆ ಓದಿ. ಬೆದರಿಕೆಯ ಒಂದು ಪದವೂ ಇಲ್ಲ. ಆದರೆ ಅವನಿಗೆ ಐದು ಹೆಣ್ಣುಮಕ್ಕಳು, ಊರಲ್ಲಿರುವ ಒಳ್ಳೆಯ ಶಾಲೆ ಕಾನ್ವೆಂಟಿನವರದು. ಬಾಯಿ ಬಿಟ್ಟರೆ ಏನಾಗುತ್ತದೆ ಅಂತ ಅವನಿಗೆ ಗೊತ್ತು, ನಮಗೂ ಗೊತ್ತು. ಕೂಡಿಹಾಕುವವರೂ ಹೆಂಗಸರು, 'ನಮಗ್ಯಾಕೆ ಊರ ಉಸಾಬರಿ' ಅನ್ನುವ ಹೆಂಡತಿಯೂ ಹೆಂಗಸು. ಮದುವೆಯಾಗದೆ ಹೆತ್ತವಳ ಮಗ ಈ ಫರ್ಲಾಂಗ್. ಯಾರೋ ಒಬ್ಬಾಕೆ ಅವನ ತಾಯಿಗೆ ನೆಲೆ ಕೊಡದಿದ್ದರೆ ಅವಳೂ ಅದೇ ಕೋಣೆ ಸೇರುತ್ತಿದ್ದಳು. ಲಿಂಗದ ಪ್ರಶ್ನೆ ಹೀರೋ ಯಾರು ಎಂಬುದರಲ್ಲಿ ಇರುವುದಿಲ್ಲ. ಯಾರು ಬಾಯಿ ಬಿಟ್ಟರೆ ಏನು ಕಳೆದುಕೊಳ್ಳುತ್ತಾರೆ ಎಂಬುದರಲ್ಲಿ ಇರುತ್ತದೆ. ಅಂದ ಹಾಗೆ, 'ದಾರಿ ತಪ್ಪಿದವರು' ಅಂತ ಹೆಂಗಸರನ್ನು ಕೂಡಿಹಾಕಿ ಸನ್ಯಾಸಿನಿಯರು ಬಟ್ಟೆ ಒಗೆಸುತ್ತಿದ್ದ ಇಂಥ ಜಾಗಗಳಿಗೆ ಮ್ಯಾಗ್ಡಲೀನ್ ಲಾಂಡ್ರಿ ಎಂದು ಹೆಸರು. ಅವುಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ನೀವು ಆಗ ಶಾಲೆಗೆ ಹೋಗುವ ಹುಡುಗಿ. ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ.

ಬೇರೆ ಸಾಲಿನ ಅವಮಾನದ ಬಗ್ಗೆ. ಈ ಅಳುಕು ಅಲ್ಲಿನ ಲೇಖಕಿಯರಿಗೂ ಇದೆ. ನಮ್ಮ ತ್ರಿವೇಣಿಯವರ ಕಾಲದವರ ಬರಹವನ್ನು 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿದದ್ದು ನಿಮಗೆ ಗೊತ್ತೇ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಕಳೆದುಹೋದದ್ದನ್ನು ಹುಡುಕುವಾಗ ಬೇರೆ ಸಾಲು ಬೇಕು. ಹುಡುಕಿದ್ದನ್ನು ಓದುವಾಗ ಬೇಡ. 2015ರಲ್ಲಿ ಶಿನೇಡ್ ಗ್ಲೀಸನ್ ಮೂವತ್ತು ಐರಿಶ್ ಲೇಖಕಿಯರ ಕಥೆಗಳ ಸಂಕಲನ ಮಾಡಿದರು. ಎಷ್ಟೋ ಹಳೇ ಹೆಸರುಗಳು ಮತ್ತೆ ಓದುಗರ ಕೈಗೆ ಬಂದವು. ಅದು ಹುಡುಕುವ ಕೆಲಸ. ಆದರೆ ಮೆಕ್‌ಬ್ರೈಡ್ ಅವರನ್ನು ಓದುವಾಗ ಜಾಯ್ಸ್ ಪಕ್ಕದಲ್ಲೇ ಇಟ್ಟು ಓದಬೇಕು. ಜಾಯ್ಸ್ ಓದಿಯೇ ತನ್ನ ದಾರಿ ಬದಲಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಇದು ನಿಮ್ಮ ಗೈಡ್‌ಗೆ ಇಷ್ಟವಾಗುವ ವಿಷಯವೂ ಹೌದು, ಬಳಸಿಕೊಳ್ಳಿ!

ಈಗ ನಿಮ್ಮ ಮುಂದಿರುವ ದಾರಿಗಳು. ಬರೀ ರೂನಿ ಹಿಡಿದರೆ ಪುಸ್ತಕ ಸುಲಭವಾಗಿ ಸಿಗುತ್ತವೆ, ಆದರೆ ಅಲ್ಲಿ ಆಗಲೇ ಜಾತ್ರೆ ಸೇರಿದೆ. ಹೊಸದೇನು ಅಂತ ವೈವಾದಲ್ಲಿ ಕೇಳಿದರೆ ತೊದಲಬೇಕಾಗುತ್ತದೆ. ಲಾಂಡ್ರಿಗಳ, ಮದುವೆಯಾಗದೆ ಬಸಿರಾದವರನ್ನು ಇಡುತ್ತಿದ್ದ ತಾಯಿ-ಮಗು ಕೇಂದ್ರಗಳ ಕಥೆಗಳನ್ನೇ ಹಿಡಿಯಬಹುದು. ನನ್ನ ವಿದ್ಯಾರ್ಥಿನಿಯೊಬ್ಬಳು ಹಾಗೆ ಮಾಡಿದಳು. ಅಧ್ಯಾಯ ಅಧ್ಯಾಯಕ್ಕೂ ಸರ್ಕಾರಿ ವರದಿ ಬಂತು, ಕಾದಂಬರಿ ಬರೀ ಸಾಕ್ಷಿ ಹೇಳಲು ಕರೆದ ಹಾಗೆ ಬಂದು ಹೋಯಿತು. ಪ್ರಕಾಶನದ ಇತಿಹಾಸ ಬಹಳ ಒಳ್ಳೆಯ ವಿಷಯ. ಆದರೆ 1980ರ ದಶಕದ ಸ್ತ್ರೀವಾದಿ ಪ್ರಕಾಶನ ಆಟಿಕ್ ಪ್ರೆಸ್‌ನ ಕಡತಗಳು ಕಾರ್ಕ್ ವಿಶ್ವವಿದ್ಯಾಲಯದಲ್ಲಿವೆ. ರಜೆ, ದುಡ್ಡು, ವೀಸಾ ಮೂರೂ ಹೊಂದಬೇಕು. ಕನ್ನಡದ ಜೊತೆ ಹೋಲಿಕೆ ಮಾಡುವ ಆಸೆ ಆಗುತ್ತದೆ. ಅವಸರ ಬೇಡ. ನಮ್ಮಲ್ಲಿ ಅಂಥ ಚರ್ಚೂ ಇಲ್ಲ, ಅಂಥ ಸೆನ್ಸಾರ್ ಮಂಡಳಿಯೂ ಇರಲಿಲ್ಲ. ಇಲ್ಲಿ ಬಾಯಿ ಮುಚ್ಚಿಸುವ ಕೆಲಸ ಜಾತಿಯೂ ಮನೆತನವೂ ಮಾಡಿದವು. ಆ ವ್ಯತ್ಯಾಸ ಬಿಟ್ಟು ಬರೀ ಸಾಮ್ಯದ ಪಟ್ಟಿ ಮಾಡಿದರೆ ಎರಡೂ ಕಡೆ ಮೇಲುಮೇಲಾಗುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. 'ಲಿಂಗ ರಾಜಕಾರಣ' ಎಂಬ ದೊಡ್ಡ ಪದ ತೆಗೆದು, ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತಿದ್ದೆ: ಹೇಳಲು ಪದವೇ ಇಲ್ಲದ್ದನ್ನು ಇವರು ಹೇಗೆ ಹೇಳಿದರು? ಬರ್ನ್ಸ್ ಅವರ 'ಮಿಲ್ಕ್‌ಮನ್' ನೀವು ಓದಿದ್ದೀರಿ. 2018ರ ಬುಕರ್ ಪಡೆದದ್ದು. 18ರ ಹುಡುಗಿ, ಹಿಂದೆ ಬೀಳುವ ಉಗ್ರಗಾಮಿ ಗಂಡಸು. ಮುಟ್ಟುವುದಿಲ್ಲ, ಬೈಯುವುದಿಲ್ಲ. ಹಾಗಾದರೆ ಆದದ್ದಾದರೂ ಏನು ಅಂತ ಅವಳು ಯಾರಿಗೆ, ಯಾವ ಪದದಲ್ಲಿ ಹೇಳಬೇಕು? ಆ ಪುಸ್ತಕದಲ್ಲಿ ಯಾರಿಗೂ ಸರಿಯಾದ ಹೆಸರೇ ಇಲ್ಲದಿರುವುದು ಅದಕ್ಕೇ. ಮೆಕ್‌ಬ್ರೈಡ್‌ನಲ್ಲಿ ವಾಕ್ಯಗಳೇ ಅರ್ಧಕ್ಕೆ ಮುರಿಯುತ್ತವೆ. ಕೀಗನ್‌ನಲ್ಲಿ ಹೇಳದೆ ಬಿಟ್ಟದ್ದೇ ಜಾಸ್ತಿ. ಮೂರು ಲೇಖಕಿಯರು, ಮೂರು ಬಗೆ. ಪ್ರಬಂಧಕ್ಕೆ ಇಷ್ಟು ಸಾಕು. ಅಪಾಯ ಒಂದಿದೆ. ಬರೀ ಶೈಲಿಯ ವಿಶ್ಲೇಷಣೆಯಾಗಿ ಒಣಗಿಹೋಗಬಹುದು. ಅದಕ್ಕೆ ನಾಲ್ಕನೆಯದಾಗಿ ಡಿರಿನ್ ನೀ ಗ್ರೀಫಾ ಅವರ 'ಎ ಘೋಸ್ಟ್ ಇನ್ ದಿ ಥ್ರೋಟ್' ಸೇರಿಸಿ. (ಈ ಹೆಸರುಗಳ ಕಾಗುಣಿತ ನೋಡಿ ಗಾಬರಿಯಾಗಬೇಡಿ. ಇಂಗ್ಲಿಷಿನಲ್ಲಿ ಬರೆದದ್ದಕ್ಕೂ ಬಾಯಲ್ಲಿ ಹೇಳುವುದಕ್ಕೂ ಸಂಬಂಧವೇ ಇರುವುದಿಲ್ಲ.) 2020ರ ಪುಸ್ತಕ, ಟ್ರ್ಯಾಂಪ್ ಪ್ರೆಸ್ಸಿನದು. ನಾಲ್ಕು ಮಕ್ಕಳ ತಾಯಿ, ಹಾಲಿನ ಬ್ಯಾಂಕಿಗೆ ಕೊಡಲು ಪಂಪ್ ಹಿಡಿದು ಎದೆಹಾಲು ತೆಗೆಯುತ್ತ, ಇನ್ನೊಂದು ಕೈಯಲ್ಲಿ ಹಳೇ ಕವಿತೆಯೊಂದನ್ನು ಓದುತ್ತಾಳೆ. 1773ರಲ್ಲಿ ಗಂಡನ ಕೊಲೆಯಾದಾಗ ಐಲೀನ್ ಡುವ್ ಎಂಬಾಕೆ ಐರಿಶ್ ಭಾಷೆಯಲ್ಲಿ ಹಾಡಿಕೊಂಡು ಅತ್ತ ಶೋಕಗೀತೆ ಅದು. ಬಾಯಿಂದ ಬಾಯಿಗೆ ಬಂದು ಉಳಿಯಿತು. ಹಾಡಿದವಳ ಬಾಳಿನ ಬಗ್ಗೆ ಸಿಗುವುದು ಸ್ವಲ್ಪವೇ. ಹೆಚ್ಚಿನ ಕಡೆ ಅವಳು ಯಾರದೋ ಹೆಂಡತಿ, ಯಾರದೋ ಸೋದರತ್ತೆ. ಪುಸ್ತಕವಿಡೀ ಅವಳನ್ನು ಹುಡುಕುವುದೇ.

ಹೊಸ ಸಿನಾಪ್ಸಿಸ್ ತೆಗೆದುಕೊಂಡು ಹೋಗುವಾಗ ವಾದ ಮಾಡಲು ಹೋಗಬೇಡಿ, ಗೈಡ್ ಜೊತೆ ಮುಂದಿನ ನಾಲ್ಕೈದು ವರ್ಷ ಏಗಬೇಕು. ಕೇಟ್ ಓ'ಬ್ರಿಯನ್ ಪುಸ್ತಕದ ಒಂದು ಪ್ರತಿ ತರಿಸಿ. ಆ ಒಂದು ವಾಕ್ಯ ಇರುವ ಪುಟಕ್ಕೆ ಚೀಟಿ ಇಟ್ಟು ಅವರ ಮೇಜಿನ ಮೇಲೆ ಬಿಟ್ಟು ಬನ್ನಿ. 'ಸರ್, ಇದರಲ್ಲಿ ನಿಷೇಧ ಮಾಡುವಂಥದ್ದು ಏನಿದೆ ಅಂತ ನನಗೆ ಸಿಗಲಿಲ್ಲ, ನೀವೊಮ್ಮೆ ನೋಡಿ' ಅಂತ ಮಾತ್ರ ಹೇಳಿ.